ಹಾಲು ಹಿಂಡುವ ಕೈಗೆ ಮನೆಯಲ್ಲೇ ಮುಲಾಮು

(ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಹಸುವಿನ ಡಾಕ್ಟರು ಹೆಂಗಸರ ಕೈಗೆ ಮದ್ದು ಹೇಳಲು ಬಂದರಲ್ಲ ಎಂದು ನೀವು ನಗಬಹುದು. ಆದರೆ ಕೆಚ್ಚಲಿಗೂ ಕೈಗೂ ಹತ್ತಿರದ ಸಂಬಂಧವಿದೆ. ಸಗಣಿ ಬಾಚಿ, ಪಾತ್ರೆಗಳನ್ನು ಸೋಡಾ ನೀರಿನಲ್ಲಿ ತೊಳೆದು, ದಿನಕ್ಕೆ ಎರಡು ಹೊತ್ತು ಹಾಲು ಹಿಂಡುವ ಕೈ ಮಾಗಿಯ ಚಳಿಗೆ ಒಡೆಯುತ್ತದೆ. ಆ ಬಿರುಕುಗಳಲ್ಲಿ ಕೆಚ್ಚಲು ಬಾವು ತರುವ ಸೂಕ್ಷ್ಮಾಣುಗಳು ಸೇರಿಕೊಳ್ಳುತ್ತವೆ. ಒಡೆದ ಕೈಯನ್ನು ಎಷ್ಟು ತೊಳೆದರೂ ಅವು ಪೂರ್ತಿ ಹೋಗುವುದು ಕಷ್ಟ. ಒಂದು ಹಸುವಿನಿಂದ ಇನ್ನೊಂದಕ್ಕೆ ಆ ಕೈಯೇ ದಾಟಿಸುತ್ತದೆ. ನಿಮ್ಮ ಆರೋಗ್ಯದ ಪ್ರಶ್ನೆಯೂ ಇದೆ. ಕಂದು ಹಾಕಿದ ಹಸುವಿನ ಮಾಸನ್ನು ಒಡೆದ ಕೈಯಿಂದ ಮುಟ್ಟಿದರೆ ಕಂದು ರೋಗ ಮನುಷ್ಯರಿಗೂ ಅಂಟಬಹುದು.

ಮುಲಾಮಿಗೆ ಬೇಕಾದದ್ದು 250 ಮಿ.ಲೀ. ಕೊಬ್ಬರಿ ಎಣ್ಣೆ, 50 ಗ್ರಾಂ ಜೇನುಮೇಣ, ಒಂದು ಹಿಡಿ ಬೇವಿನ ಎಲೆ, ಒಂದು ಚಮಚ ಅರಿಶಿನ ಪುಡಿ. ಎಲೆಯನ್ನು ತೊಳೆದು, ಗರಿಗರಿಯಾಗುವ ತನಕ ನೆರಳಿನಲ್ಲಿ ಒಣಗಿಸಿ. ಹಸಿ ಎಲೆ ಹಾಕಿದರೆ ನೀರಿನಂಶ ಉಳಿದು ಬೂಷ್ಟು ಹಿಡಿಯುತ್ತದೆ. ಲೋಳೆಸರದ ತಿರುಳನ್ನೂ ಇದೇ ಕಾರಣಕ್ಕೆ ಸೇರಿಸಬೇಡಿ. ಅಗಲವಾದ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಎಣ್ಣೆಯ ಪಾತ್ರೆ ಇಟ್ಟು, ಎಲೆ ಮತ್ತು ಅರಿಶಿನ ಹಾಕಿ ಸಣ್ಣ ಉರಿಯಲ್ಲಿ ಒಂದು ಗಂಟೆ ಬಿಡಿ. ನೇರವಾಗಿ ಒಲೆಯ ಮೇಲಿಟ್ಟರೆ ಅರಿಶಿನ ಸೀದುಹೋಗುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ, ಮತ್ತೆ ಬಿಸಿನೀರಿನಲ್ಲಿಟ್ಟು ಮೇಣ ಕರಗಿಸಿ. ಒಂದು ಹನಿಯನ್ನು ತಣ್ಣನೆಯ ತಟ್ಟೆಗೆ ಹಾಕಿ ನೋಡಿ. ಆರಿದ ಮೇಲೂ ಹರಿದರೆ ಇನ್ನಷ್ಟು ಮೇಣ ಬೇಕು, ಗಟ್ಟಿ ಕಲ್ಲಾದರೆ ಎಣ್ಣೆ ಬೇಕು. ಚೆನ್ನಾಗಿ ಒಣಗಿದ ಡಬ್ಬಿಗೆ ಸುರಿದು, ಆರಿದ ಮೇಲೆ ಮುಚ್ಚಿ. ಜೇನುಮೇಣ ಜೇನು ಸಾಕುವವರ ಹತ್ತಿರ ಸಿಗುತ್ತದೆ. ಮೇಣದಬತ್ತಿ ಕರಗಿಸಿ ಹಾಕುವುದು ಬೇಡ, ಅದು ಬೇರೆಯೇ ಮೇಣ. ಕಮಟು ವಾಸನೆ ಬಂದ ಮುಲಾಮನ್ನು ಚೆಲ್ಲಿಬಿಡಿ.

ಮೊದಲ ಸಲ ಮೊಣಕೈಯ ಒಳಭಾಗಕ್ಕೆ ಚೂರು ಹಚ್ಚಿ ಒಂದು ದಿನ ನೋಡಿ. ನವೆ ಬಂದರೆ ನಿಮಗೆ ಅದು ಒಗ್ಗುವುದಿಲ್ಲ.

ಹಚ್ಚುವ ಹೊತ್ತು ಬಹಳ ಮುಖ್ಯ. ಹಾಲು ಹಿಂಡುವ ಮೊದಲು ಖಂಡಿತ ಕೂಡದು. ಕೈಗೆ ಎಣ್ಣೆ ಸವರಿಕೊಂಡು ಹಿಂಡಿದರೆ ಜಾರುತ್ತದೆ, ಸುಲಭ ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಆದರೆ ಎಣ್ಣೆಯ ಜಿಡ್ಡಿನ ಜೊತೆ ಕೊಳೆಯೂ ಹಾಲಿಗೆ ಇಳಿಯುತ್ತದೆ. ಬೆಳಿಗ್ಗೆ ಸಂಘಕ್ಕೆ ಹಾಲು ಹಾಕಿ, ಪಾತ್ರೆ ತೊಳೆದ ನಂತರ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ ಹಚ್ಚಿ. ಸಂಜೆ ಹಿಂಡುವ ಮೊದಲು ಸೋಪಿನಿಂದ ತೊಳೆದು ಕೈ ಒರೆಸಿಕೊಳ್ಳಿ.

ಇನ್ನೊಂದು ಮಾತು. ಕೆಚ್ಚಲು ಬಾವಿಗೆ ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುವುದನ್ನು ನಿಮ್ಮಲ್ಲಿ ಹಲವರು ಕಲಿತಿದ್ದೀರಿ. ಅದು ಹಸುವಿಗೆ. ಅದನ್ನೇ ಒಡೆದ ಕೈಗೆ ಹಚ್ಚಿಕೊಂಡರೆ ಸುಣ್ಣ ಗಾಯವನ್ನು ಸುಡುತ್ತದೆ. ಹಸುವಿಗೆ ಕೊಟ್ಟು ಉಳಿದ ಔಷಧದ ಟ್ಯೂಬನ್ನೂ ಕೈಗೆ ಹಿಂಡಿಕೊಳ್ಳಬೇಡಿ.

ಈ ಮುಲಾಮು ಒಣಗಿ ಒಡೆದ ಚರ್ಮಕ್ಕೆ ಮಾತ್ರ. ಅದು ಕಂದು ರೋಗವನ್ನು ತಡೆಯುವುದಿಲ್ಲ; ಮಾಸು ಮುಟ್ಟುವಾಗ ರಬ್ಬರ್ ಕೈಗವಸು ಬೇಕೇ ಬೇಕು. ಬಿರುಕಿನಲ್ಲಿ ಕೀವು ಕಂಡರೆ, ಬಿಟ್ಟು ಬಿಟ್ಟು ಜ್ವರ, ಕೀಲು ನೋವು ಬಂದರೆ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಹಸು ಕಟ್ಟಿದ್ದೇವೆ, ಇಂಥ ತಿಂಗಳಲ್ಲಿ ಒಂದು ಕಂದು ಹಾಕಿತು ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ.