ಮಕ್ಕಳ ಸಂಜೆಯ ಹೊತ್ತು
(ಸಂಘದ ಪೋಷಕರ ಕೂಟದಲ್ಲಿ ಮಾಡಿದ ಭಾಷಣ)



ನಮಗೆ ಒಪ್ಪಿಸಿರುವ ವಿಷಯ ಎಳೆಯರ ದುಶ್ಚಟಗಳು. ನಾವು ವೈದ್ಯರಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ಆದಕಾರಣ ಉಪದೇಶವನ್ನು ಬಲ್ಲವರಿಗೆ ಬಿಟ್ಟು, ಅಂಕಿಗಳು ಹೇಳುವ ಮಾತನ್ನಷ್ಟೇ ತಮ್ಮ ಮುಂದಿಡುತ್ತೇವೆ.

2004ರಲ್ಲಿ ನಮ್ಮ ಈ ದೆಹಲಿಯಲ್ಲಿಯೂ ಚೆನ್ನೈಯಲ್ಲಿಯೂ 32 ಶಾಲೆಗಳ ಆರನೆಯ ಮತ್ತು ಎಂಟನೆಯ ತರಗತಿಗಳ ಹನ್ನೊಂದು ಸಾವಿರಕ್ಕೂ ಮಿಕ್ಕ ಮಕ್ಕಳನ್ನು ಸಂಶೋಧಕರು ವಿಚಾರಿಸಿದರು. ದೊಡ್ಡ ಮಕ್ಕಳಲ್ಲಿಯೇ ಚಟ ಹೆಚ್ಚಿದ್ದೀತೆಂದು ನಾವೆಲ್ಲ ಎಣಿಸುವೆವಷ್ಟೆ? ಕಂಡದ್ದು ಬೇರೆ. ತಂಬಾಕಿನ ರುಚಿ ನೋಡಿದವರು ಎಂಟನೆಯ ತರಗತಿಯಲ್ಲಿ ನೂರಕ್ಕೆ ಸುಮಾರು 9 ಮಂದಿ. ಆರನೆಯದರಲ್ಲಿ ಸುಮಾರು 25! ಹದಿನೈದು ತುಂಬಲಿ, ಬುದ್ಧಿ ಹೇಳೋಣವೆಂದು ಕಾದಿರುವ ತಂದೆ ರೈಲು ಹೊರಟ ಮೇಲೆ ಸ್ಟೇಷನ್ನಿಗೆ ಬಂದವನೇ ಸರಿ.

ಮುಂದೆ ಎರಡು ವರ್ಷ ಅವುಗಳಲ್ಲಿ ಕೆಲವು ಶಾಲೆಗಳಲ್ಲಿ ಪ್ರಯತ್ನ ನಡೆಯಿತು. ಬೆತ್ತದಿಂದಲ್ಲ. ತರಗತಿಯ ಮಕ್ಕಳೇ ಮುಂದಾಳುಗಳಾದರು, ಭಿತ್ತಿಪತ್ರ ಅಂಟಿಸಿದರು, ತಂದೆತಾಯಿಗಳಿಗೆ ಕಾರ್ಡುಗಳು ಹೋದವು. ಇದಿಲ್ಲದ ಶಾಲೆಗಳಲ್ಲಿ ತಂಬಾಕಿನ ಸೇವನೆ ನೂರಕ್ಕೆ 68ರಷ್ಟು ಏರಿತು. ಇದ್ದ ಶಾಲೆಗಳಲ್ಲಿ 17ರಷ್ಟು ಇಳಿಯಿತು.

ದೂರದ ಐಸ್‌ಲೆಂಡಿನ ಲೆಕ್ಕವಂತೂ ಇನ್ನೂ ಸ್ವಾರಸ್ಯವಾದದ್ದು. 1998ರಲ್ಲಿ ಅಲ್ಲಿ ಹದಿನೈದು ಹದಿನಾರರ ಮಕ್ಕಳಲ್ಲಿ ನೂರಕ್ಕೆ 42 ಮಂದಿ ಹಿಂದಿನ ತಿಂಗಳಲ್ಲಿ ಕುಡಿದು ಮತ್ತರಾಗಿದ್ದವರು. 2016ರ ಹೊತ್ತಿಗೆ ಅದು 5ಕ್ಕೆ ಇಳಿಯಿತು. ಅಲ್ಲಿನವರು ಮಕ್ಕಳ ಗುಣವನ್ನು ತೂಗುತ್ತ ಕೂರಲಿಲ್ಲ; ಸಂಜೆ ಮಕ್ಕಳು ಎಲ್ಲಿರುತ್ತಾರೆ, ಯಾರ ಜೊತೆ ಇರುತ್ತಾರೆ ಎಂದು ಶಾಲೆ ಶಾಲೆಯಲ್ಲೂ ಕೇಳಿ ಬರೆದುಕೊಂಡರು. ಆಟಕ್ಕೂ ಸಂಗೀತಕ್ಕೂ ಹಣವಿತ್ತರು. ಚಳಿಗಾಲದಲ್ಲಿ ಹದಿಮೂರರಿಂದ ಹದಿನಾರರ ಮಕ್ಕಳು ರಾತ್ರಿ ಹತ್ತರೊಳಗೆ ಮನೆ ಸೇರತಕ್ಕದ್ದೆಂದು ಕಟ್ಟುಮಾಡಿದರು. ಅದೇ ಕಾಲದಲ್ಲಿ ಯೂರೋಪಿನ ಇತರ ದೇಶಗಳಲ್ಲೂ ಕುಡಿತ ತಗ್ಗಿದ್ದುಂಟು. ಆದುದರಿಂದ ಎಲ್ಲವನ್ನೂ ಇವರ ಜಮಾ ಬದಿಗೆ ಬರೆಯುವುದು ಸಲ್ಲದು. ಇಳಿತ ಮಾತ್ರ ಅಲ್ಲಿಯಷ್ಟು ಬೇರೆಡೆ ವಿರಳ.

ಈಗ ನಮ್ಮ ಮನೆಗಳಿಗೆ ಬರೋಣ. ಅಜ್ಜಿ ಹಾಸನದಲ್ಲಿ, ಇಲ್ಲವೆ ಧಾರವಾಡದಲ್ಲಿ. ತಂದೆತಾಯಿ ಇಬ್ಬರೂ ಆಫೀಸಿನಲ್ಲಿ. ಎರಡು ಗಂಟೆಗೆ ಶಾಲೆ ಬಿಟ್ಟ ಹುಡುಗ ತಾನೇ ಬೀಗ ತೆಗೆದು ಒಳಗೆ ಬರುತ್ತಾನೆ. ಏಳರವರೆಗೆ ಅವನನ್ನು ಕೇಳುವವರಿಲ್ಲ. ಊರಿನಲ್ಲಾದರೆ ಬೀದಿಯೇ ಕಣ್ಣಾಗಿರುತ್ತಿತ್ತು. ಇಲ್ಲಿ ಮೂಲೆಯ ಪಾನ್ ಅಂಗಡಿಯವನಿಗೆ ಮಾತ್ರ ಅವನ ಹೆಸರು ಗೊತ್ತು. ಮಕ್ಕಳಿಗೆ ಮದ್ಯ, ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೂ ಸಜೆಯೆಂದು 2015ರ ಬಾಲನ್ಯಾಯ ಕಾಯಿದೆ ಹೇಳುತ್ತದೆ. ಆದರೂ ಕೆಲವು ಮನೆಗಳಲ್ಲಿ ಸಿಗರೇಟು ತರಲು ಮಗನನ್ನೇ ಅಟ್ಟುವುದುಂಟು!

ಮಲೆನಾಡಿನ ಬಂಧುಗಳು ಮುನಿಯಬಾರದು, ಇನ್ನೊಂದು ಮಾತು. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ತಾಂಬೂಲದ ಮರ್ಯಾದೆ ಹಿರಿಯರಿಗಿರಲಿ. ಸಂಘದ ಸಮಾರಂಭಗಳಲ್ಲಿ ಮಕ್ಕಳ ಕೈಗೆ ಸುಪಾರಿಯ ಪೊಟ್ಟಣ ಹೋಗದಿರಲಿ.

ಕೊನೆಯದಾಗಿ ಒಂದು ಬೇಡಿಕೆ. ನಮ್ಮ ಸಭಾಂಗಣಕ್ಕೆ ವಾರದಲ್ಲಿ ಐದು ದಿನ ಬೀಗ. ಕೇರಂ ಹಲಗೆಗಳಿವೆ, ಹಾರ್ಮೋನಿಯಂ ಇದೆ, ನಿವೃತ್ತರಾದ ಹಿರಿಯರು ಹಲವರಿದ್ದಾರೆ. ಮೂರರಿಂದ ಏಳರವರೆಗೆ ಅದನ್ನು ಮಕ್ಕಳಿಗಾಗಿ ತೆರೆದಿಡಲು ಕಾರ್ಯಕಾರಿ ಸಮಿತಿ ಒಪ್ಪಬೇಕು. ಬೀಗದ ಕೈಯ ಹೊಣೆಗೆ ದಿನಕ್ಕೊಬ್ಬರಂತೆ ಐವರು ಇಂದೇ ಹೆಸರು ಕೊಟ್ಟರೆ, ಬರುವ ಸೋಮವಾರದಿಂದಲೇ ಆರಂಭಿಸಬಹುದು.