ಮೈಯಾಗ ಏನೂ ಇಲ್ಲ ಎಂದು ಗುಳಿಗೆ ಬಿಟ್ಟವರು
(ಸಂಖದಲ್ಲಿ ಕೂಲಿ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ದ್ರಾಕ್ಷಿ ತೋಟದ ಕೆಲಸ ಮುಗಿಸಿ ದಣಿದು ಬಂದಿದ್ದೀರಿ. ನೇರವಾಗಿ ವಿಷಯಕ್ಕೆ ಬರುತ್ತೇವೆ.

ನಮ್ಮವರೇ ಒಬ್ಬರು, ಕಬ್ಬು ಕಡಿಯುವ ಟೋಳಿಯವರು, ಹೆಪಟೈಟಿಸ್ ಬಿ ರೋಗಕ್ಕೆ ಎರಡು ವರ್ಷ ಗುಳಿಗೆ ನುಂಗಿದರು. ಆಮೇಲೆ "ಮೈಯಾಗ ಏನೂ ಇಲ್ಲ, ಯಾಕ ನುಂಗಲಿ" ಎಂದು ಬಿಟ್ಟರು. ನಾಲ್ಕು ತಿಂಗಳಲ್ಲಿ ಕಣ್ಣು ಹಳದಿಯಾಯಿತು, ಹೊಟ್ಟೆಯಲ್ಲಿ ನೀರು ತುಂಬಿತು. ಮನೆಯವರು ಕಾಮಣಿ ಎಂದು ಕೈಗೆ ಬರೆ ಹಾಕಿಸಿದರು. ಮಿರಜಕ್ಕೆ ಒಯ್ಯುವಷ್ಟರಲ್ಲಿ ಹೊತ್ತು ಮೀರಿತ್ತು. ಗುಳಿಗೆ ಬಿಡಬೇಡಿರೆಂದು ಗಟ್ಟಿಯಾಗಿ ಹೇಳದಿದ್ದದ್ದು ನಮ್ಮ ತಪ್ಪೂ ಹೌದು.

ಈ ರೋಗದಲ್ಲಿ ಎರಡು ಲೆಕ್ಕಗಳಿವೆ. ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬುದು ಒಂದು. ಅದಕ್ಕೆ ವೈರಲ್ ಲೋಡ್ ಅನ್ನುತ್ತಾರೆ. ಲಿವರ್ ಎಷ್ಟು ಕೆಟ್ಟಿದೆ ಎಂಬುದು ಇನ್ನೊಂದು. ತೈವಾನಿನಲ್ಲಿ 3,582 ಜನರನ್ನು ಸುಮಾರು 11 ವರ್ಷ ನೋಡಿ 2006ರಲ್ಲಿ ವರದಿ ಕೊಟ್ಟರು. ವೈರಸ್ ತೀರ ಕಡಿಮೆ ಇದ್ದವರಲ್ಲಿ ನೂರಕ್ಕೆ ನಾಲ್ಕೈದು ಮಂದಿಗೆ, ತೀರ ಹೆಚ್ಚು ಇದ್ದವರಲ್ಲಿ ನೂರಕ್ಕೆ 36 ಮಂದಿಗೆ ಲಿವರ್ ಗಂಟುಗಟ್ಟಿ ಗಟ್ಟಿಯಾಗಿತ್ತು.

ಹಾಗೆಂದು ಅಂಕೆ ಕಂಡೊಡನೆ ಎದೆ ಒಡೆದುಕೊಳ್ಳಬೇಡಿ. ಹುಟ್ಟುವಾಗ ತಾಯಿಯಿಂದ ಹತ್ತಿದವರಲ್ಲಿ, ಹರೆಯದಲ್ಲಿ ವೈರಸ್ ಕೋಟಿಗಟ್ಟಲೆ ಇದ್ದರೂ ಲಿವರ್ ನೆಟ್ಟಗಿರುವುದುಂಟು. ಲಿವರನ್ನು ಬಹುಪಾಲು ಸವೆಸುವುದು ವೈರಸ್ಸಿನ ಮೇಲೆ ನಮ್ಮ ಮೈ ನಡೆಸುವ ಕಾಳಗ. ಮತ್ತೊಬ್ಬರಿಗೆ ವೈರಸ್ ಕಡಿಮೆ, ಲಿವರ್ ಮಾತ್ರ ಆಗಲೇ ಕೆಟ್ಟಿರುತ್ತದೆ. ಅದಕ್ಕೇ ಡಾಕ್ಟರು ಎಎಲ್‌ಟಿ, ಸೋನೋಗ್ರಾಫಿ ಎಂದು ಮತ್ತೆ ಮತ್ತೆ ಕರೆಯುವುದು, ದುಡ್ಡು ಕೀಳಲಿಕ್ಕಲ್ಲ. ಲಿವರ್ ಬಹಳ ಕೆಡುವ ತನಕ ನೋವು ತೋರಿಸುವುದಿಲ್ಲ.

ಟೆನೋಫೋವಿರ್ ಗುಳಿಗೆ ವೈರಸ್ಸನ್ನು ಅದುಮಿ ಹಿಡಿಯುತ್ತದೆ, ಬೇರುಸಹಿತ ಕೀಳುವುದಿಲ್ಲ. ಕೈಬಿಟ್ಟರೆ ಅದು ಮತ್ತೆ ಏಳುತ್ತದೆ, ಒಮ್ಮೊಮ್ಮೆ ಮೊದಲಿಗಿಂತ ಜೋರಾಗಿ. ಸೆರೆ ಕುಡಿಯುವವರಿಗಂತೂ ಎರಡು ಕಡೆಯ ಪೆಟ್ಟು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸರಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷೆಯೂ ಗುಳಿಗೆಯೂ ಪುಕ್ಕಟೆ. ಕೇಳಿ ಪಡೆಯಿರಿ, ನಾಚಬೇಡಿ.

ತಾಯಂದಿರೇ, ಬಸುರಿಯಲ್ಲಿ ಈ ರಕ್ತ ಪರೀಕ್ಷೆ ಮಾಡಿಸಿರಿ. ವೈರಸ್ ಬಹಳ ಇದ್ದರೆ ಕಡೆಯ ತಿಂಗಳುಗಳಲ್ಲಿ ಗುಳಿಗೆ ಕೊಡುತ್ತಾರೆ. ಕೂಸಿಗೆ ಹುಟ್ಟಿದ 24 ತಾಸಿನೊಳಗೆ ಲಸಿಕೆ ಬೀಳಲೇಬೇಕು. ಹುಟ್ಟುವಾಗ ಹತ್ತಿದರೆ ನೂರಕ್ಕೆ 90 ಕೂಸುಗಳಲ್ಲಿ ಉಳಿದುಬಿಡುತ್ತದೆ. ದೊಡ್ಡವರಲ್ಲಿ ನೂರಕ್ಕೆ ಐವರಿಗೂ ಉಳಿಯುವುದಿಲ್ಲ.

ಒಂದೇ ಗಂಗಾಳದಲ್ಲಿ ಉಂಡರೆ ಇದು ಹತ್ತದು. ರಕ್ತ, ಸಂಗ, ಬೇರೆಯವರ ಬ್ಲೇಡು, ಬಳಸಿದ ಸೂಜಿ, ಇವುಗಳಿಂದ ಹತ್ತುತ್ತದೆ. ಗುಜರಾತಿನ ಮೋಡಾಸಾದಲ್ಲಿ 2009ರಲ್ಲಿ ಒಮ್ಮೆ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿ ಎಷ್ಟೋ ಜೀವ ಹೋದವು. ರೋಗವಿದೆ ಎಂದು ಮುಕಾದಮ ಯಾರನ್ನಾದರೂ ಟೋಳಿಯಿಂದ ಬಿಡಿಸಿದರೆ ಯೂನಿಯನ್ನಿಗೆ ತಿಳಿಸಿರಿ, ಮಾತಾಡಲು ನಾವು ಬರುತ್ತೇವೆ.

ಟೋಳಿ ಹೊರಡುವ ಮುಂಚೆ ಹೋಗುವ ತಿಂಗಳುಗಳಿಗೆ ಸಾಲುವಷ್ಟು ಗುಳಿಗೆ ಕೊಡಿರೆಂದು ಆಸ್ಪತ್ರೆಯಲ್ಲಿ ಕೇಳಿರಿ. ಕೊಡದಿದ್ದರೆ ಕಾರ್ಖಾನೆಯ ಊರಿನಲ್ಲಿ ತೋರಿಸಲು ಚೀಟಿ ಬರೆಸಿಕೊಳ್ಳಿರಿ. ಓದಲು ಬಾರದವರು ಚೀಟಿಯನ್ನು ನಮ್ಮ ಕಡೆ ತರಲಿ, ಕೂತು ಓದಿ ಹೇಳುತ್ತೇವೆ.