ಮಗು ಮನೆಗೆ ಬರೋ ಮುಂಚೆ ಊರಿಗೆ ಏನು ಕಳಿಸೋಣ?

ವಾರಕ್ಕೊಂದು ರಜೆ, ಆ ದಿನವೂ ನಿದ್ದೆ ಬಿಟ್ಟು ಸಜ್ಜಾ, ಸೋನಾಪುರದ ಕ್ಯಾಂಪುಗಳಿಂದ ಬಂದಿದ್ದೀರಿ, ಸಂತೋಷ. ನಾನು ಡಾಕ್ಟ್ರಲ್ಲ, ಐಟಿಐ ಮಾಡಿದ ಎಲೆಕ್ಟ್ರಿಷಿಯನ್. ಎರಡು ಮಕ್ಕಳ ತಂದೆ ಅನ್ನೋ ಕಾರಣಕ್ಕೆ ಈ ವಿಷಯ ನನಗೆ ಕೊಟ್ಟಿದ್ದಾರೆ.

ನಮ್ಮಲ್ಲಿ ಯಾರ ಹೆಂಡತಿಗಾದರೂ ಏಳು ತಿಂಗಳು ತುಂಬಿತು ಅಂದ್ರೆ, ರೂಮಿನಲ್ಲಿ ಅವನ ಮಂಚದ ಕೆಳಗೆ ಒಂದು ಕಾರ್ಗೋ ಡಬ್ಬ ಬಂದು ಕೂರುತ್ತೆ. ಸಂಬಳ ಬಂದಾಗೆಲ್ಲ ಅದಕ್ಕೊಂದು ಸಾಮಾನು: ಹಾಲಿನ ಪುಡಿ, ಬಾಟ್ಲಿ, ಪೌಡರ್, ಹೊಳೆಯೋ ಫ್ರಾಕು. ಹೆರಿಗೆ ಹೊತ್ತಿಗೆ ನಾವಂತೂ ಇರೋಕಾಗಲ್ಲ, ಡಬ್ಬವಾದರೂ ಹೋಗಲಿ ಅನ್ನೋ ಆಸೆ. ಅದು ತಪ್ಪಲ್ಲ. ಆದರೆ ಅದರಲ್ಲಿರೋ ಹೆಚ್ಚಿನದು ಹಸುಗೂಸಿಗೆ ಬೇಕಾಗಲ್ಲ.

ಹಾಲಿನ ಪುಡಿಯನ್ನೇ ತಗೊಳ್ಳಿ. ಹುಟ್ಟಿದ ಒಂದು ಗಂಟೆಯೊಳಗೆ ತಾಯಿ ಹಾಲು, 6 ತಿಂಗಳು ಅದೊಂದೇ, ನೀರೂ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಮೊದಲು ಬರೋ ಹಳದಿ ಹಾಲನ್ನು ಹಿಂಡಿ ಚೆಲ್ಲೋ ರೂಢಿ ಕೆಲವು ಕಡೆ ಇನ್ನೂ ಇದೆ. ಚೆಲ್ಲಬೇಡಿ ಅಂತ ಅತ್ತೆಗೆ ಫೋನಲ್ಲಿ ಮರ್ಯಾದೆಯಿಂದಲೇ ಹೇಳಿ. ದುಬಾರಿ ಪುಡಿ ಡಬ್ಬ ಕಣ್ಣೆದುರಿಗಿದ್ರೆ, ಮಗು ಎರಡು ಸಲ ಅತ್ತ ಕೂಡಲೇ ಯಾರೋ ಅದನ್ನು ಬಿಚ್ಚೇ ಬಿಚ್ತಾರೆ. ಡಾಕ್ಟ್ರು ಬರೆದುಕೊಟ್ಟರೆ ಊರಲ್ಲೇ ಸಿಗುತ್ತೆ. ಜೇನುತುಪ್ಪ ಒಂದು ವರ್ಷ ತುಂಬೋ ತನಕ ನೆಕ್ಕಿಸಬಾರದು.

ಬಟ್ಟೆಗೆ ಅಜ್ಜಿಯ ಹಳೇ ಹತ್ತಿ ಸೀರೆ, ಅಜ್ಜನ ಪಂಚೆಗಿಂತ ಮೆತ್ತನೆಯದು ಯಾವ ಮಾಲ್‌ನಲ್ಲೂ ಇಲ್ಲ. ಒಗೆದು, ಬಿಸಿಲಲ್ಲಿ ಒಣಗಿಸಿ, ಒಂದಿಪ್ಪತ್ತೈದು ತುಂಡು ಮಾಡಿಡಲಿ. ಮುಂದೆ ಕಟ್ಟೋ ಅಂಗಿ, ಕುಲಾವಿ, ಕಾಲುಚೀಲ, ಸೊಳ್ಳೆ ಪರದೆ ಇರಲಿ. ಇಲ್ಲಿಂದ ಕಳಿಸಲೇಬೇಕು ಅನಿಸಿದ್ರೆ ಒಂದು ಡಿಜಿಟಲ್ ಥರ್ಮಾಮೀಟರ್ ಕಳಿಸಿ.

ಈಗ ನನ್ನ ಕಸುಬಿನ ಮಾತು. ಇಲ್ಲಿ ಕೊಂಡ ಬಾಟ್ಲಿ ವಾರ್ಮರಿಗೆ ಮೂರು ಚಪ್ಪಟೆ ಪಿನ್ನು. ನಮ್ಮೂರ ಸಾಕೆಟ್ಟಿಗೆ ಅದು ಹೋಗಲ್ಲ. ಅಗ್ಗದ ಕನ್ವರ್ಟರ್ ಸಿಕ್ಕಿಸ್ತಾರೆ, ಎಷ್ಟೋ ಕನ್ವರ್ಟರಿಗೆ ಅರ್ಥ್ ಪಿನ್ನೇ ಇರಲ್ಲ. ಅದರ ಪಕ್ಕದಲ್ಲೇ ಹಸಿ ಕೈಯಲ್ಲಿ ಬಾಣಂತಿ.

ವಾರ್ಮರ್ ಬಿಡಿ, ಅದಕ್ಕಿಂತ ನನಗೆ ಭಯ ಕಾಯಿಲ್ ಹೀಟರಿಂದು. ಬಾಣಂತನ ಅಂದ್ರೆ ದಿನಾ ಬಕೆಟ್ಟುಗಟ್ಟಲೆ ಬಿಸಿನೀರು. ಕಾಯಿಲ್ ನೀರಲ್ಲಿರುವಾಗಲೇ ಬೆರಳದ್ದಿ ಕಾದಿದೆಯಾ ಅಂತ ನೋಡ್ತಾರೆ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ನೀರು ಮುಟ್ಟಬೇಕು. ಮಗುವಿಗೆ ನೀರು ಬೆರೆಸುವಾಗ ತಣ್ಣೀರು ಮೊದಲು, ಬಿಸಿನೀರು ಆಮೇಲೆ.

ಮಾವನಿಗೋ ಭಾವನಿಗೋ ಫೋನ್ ಮಾಡಿ, ಮೇನ್ ಬೋರ್ಡಿನ ಫೋಟೋ ತರಿಸಿಕೊಳ್ಳಿ. 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದಿದ್ರೆ ಹಾಕಿಸಿ. ಇದ್ರೆ ಟೆಸ್ಟ್ ಬಟನ್ ಒತ್ತಿ ನೋಡಲಿ, ಟಕ್ ಅಂತ ಬೀಳಬೇಕು. ಅರ್ಥಿಂಗ್ ಗುಂಡಿ ಒಣಗಿದ್ರೆ ನೀರು ಹಾಕಿಸಿ. ತೊಟ್ಟಿಲ ಕೆಳಗೆ ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಇನ್ನೊಂದು, ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಬಾರದು. ಅದರ ವಿಷಗಾಳಿಗೆ ವಾಸನೆಯೇ ಇಲ್ಲ. ಡಬ್ಬಕ್ಕೆ ಹಾಕೋ ದುಡ್ಡಲ್ಲಿ ಅರ್ಧ ಈ ವೈರಿಂಗಿಗೆ ಕೊಡಿ ಅನ್ನೋದೇ ನನ್ನ ಕೋರಿಕೆ.

ಕಾಗದಪತ್ರವೂ ಸಾಮಾನೇ. ತಾಯಿ ಕಾರ್ಡು ಕೈಗೆ ಸಿಗೋ ಜಾಗದಲ್ಲಿರಲಿ. ಜನನ ನೋಂದಣಿ 21 ದಿನದೊಳಗೆ ಆಗಲಿ. ಅದರ ಪ್ರತಿ ತರಿಸಿಕೊಳ್ಳಿ, ಯಾಕಂದ್ರೆ ಯುಎಇ ಕಾನೂನಿನಲ್ಲಿ ಖಾಸಗಿ ಕಂಪನಿಯ ಕೆಲಸಗಾರನಾದ ತಂದೆಗೂ ಸಂಬಳ ಸಹಿತ 5 ಕೆಲಸದ ದಿನ ರಜೆ ಇದೆ, ಮಗು ಹುಟ್ಟಿದ 6 ತಿಂಗಳೊಳಗೆ ತಗೋಬೇಕು. ಫೋರ್‌ಮನ್ ತಾನಾಗಿ ಹೇಳಲ್ಲ, ನೀವೇ ಕೇಳಿ.

ಆರ್‌ಸಿಸಿಬಿ ಕನೆಕ್ಷನ್ನಿನ ಚಿತ್ರ ಬರೆದು ತಂದಿದ್ದೀನಿ. ಊಟದ ಹೊತ್ತಿಗೆ ಫೋಟೋ ತಗೊಂಡು ಊರಿಗೆ ಕಳಿಸಿ.